ಆಕಾಶಬಣ್ಣದ ಸೈಕಲ್ಲು

ಉದ್ಯೋಗನಿಮಿತ್ತವಾಗಿ ನಾನು ಕೆಲವು ವರ್ಷ ಇಟಲಿಯ ಟ್ಯೂರಿನ್ ನಗರದಲ್ಲಿ ವಾಸವಾಗಿದ್ದೆ. ಅಲ್ಲಿ ಶನಿವಾರದ ದಿನ ಬಲೋನ್ ಎಂಬ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಕಾಲು ಮುರಿದ ಕುರ್ಚಿ, ನಿಂತುಹೋದ ಗಡಿಯಾರ, ಯಾರದೋ ಮದುವೆಯ ಭಾವಚಿತ್ರ, ಬೀಗವಿಲ್ಲದ ಬೀಗದಕೈ, ಹೀಗೆ ಒಂದು ಕಾಲಕ್ಕೆ ಯಾರಿಗೋ ಬೇಕಾಗಿದ್ದು ಈಗ ಯಾರಿಗೂ ಬೇಡವಾದ ವಸ್ತುಗಳೆಲ್ಲ ಬೀದಿಯುದ್ದಕ್ಕೂ ಹರಡಿಕೊಂಡಿರುತ್ತವೆ. ೨೦೧೬ರ ಚಳಿಗಾಲದ ಒಂದು ಬೆಳಗ್ಗೆ ಆ ರಾಶಿಯ ನಡುವೆ ಗೋಡೆಗೊರಗಿಸಿದ್ದ ಒಂದು ಸೈಕಲ್ಲು ನನ್ನನ್ನು ತಡೆದು ನಿಲ್ಲಿಸಿತು. ಚಕ್ರಗಳು ಸೊಟ್ಟಗಾಗಿದ್ದುವು, ಸೀಟಿನ ಚರ್ಮ ಒಣಗಿ ದೋಣಿಯಂತೆ ಬಾಗಿದ್ದಿತು, ಚೈನು ತುಕ್ಕು ಹಿಡಿದು ಒಂದೇ ಕಬ್ಬಿಣದ ತುಂಡಾಗಿದ್ದಿತು. ಆದರೆ ತುಕ್ಕಿನ ಕೆಳಗಿನಿಂದ ಇಣುಕುತ್ತಿದ್ದ ಬಣ್ಣವೊಂದಿತ್ತಲ್ಲ, ಹಸುರೂ ಅಲ್ಲದ ನೀಲಿಯೂ ಅಲ್ಲದ, ಮಳೆ ಬಿಟ್ಟ ಮೇಲೆ ಬೆಟ್ಟದ ಅಂಚಿನಲ್ಲಿ ಕಾಣುವ ಆಕಾಶದಂಥ ಬಣ್ಣ, ಅದನ್ನು ಬಿಟ್ಟುಬರಲು ನನ್ನಿಂದಾಗಲಿಲ್ಲ.

ಅದು ಮಿಲಾನಿನ ಬಿಯಾಂಕಿ ಕಾರ್ಖಾನೆಯ ಪಂದ್ಯದ ಸೈಕಲ್ಲು, ೧೯೫೦ರ ದಶಕದ್ದು. ಸಾಕ್ಷಾತ್ ಫೌಸ್ಟೊ ಕೊಪ್ಪಿಯೇ ಅದನ್ನು ತುಳಿದಿದ್ದನೆಂದು ಮಾರುವವನು ಎದೆಮುಟ್ಟಿಕೊಂಡು ಆಣೆಯಿಟ್ಟ. ಇಟಲಿಯ ಸಂತೆಗಳಲ್ಲಿ ಆಕಾಶಬಣ್ಣದ ಪ್ರತಿಯೊಂದು ಸೈಕಲ್ಲಿಗೂ ಈ ಆಣೆ ಉಂಟೆಂಬುದು ನನಗೆ ಆಮೇಲೆ ತಿಳಿಯಿತು. ಅವನ್ನೆಲ್ಲ ನಿಜವಾಗಿ ತುಳಿದಿದ್ದರೆ ಆ ಮನುಷ್ಯನಿಗೆ ಉಣ್ಣಲು ಪುರಸತ್ತಿರುತ್ತಿರಲಿಲ್ಲ. ಆದರೆ ಆ ಹೆಸರು ನನ್ನ ಕಿವಿಯಲ್ಲಿ ಬೇರೊಂದು ರೀತಿಯಲ್ಲಿ ನಿಂತಿತು. ನಾನು ಮಲೆನಾಡಿನವನು; ಕೊಪ್ಪದ ಸೀಮೆಯವನು. ಅಷ್ಟು ದೂರದ ದೇಶದಲ್ಲಿ ನನ್ನ ಊರಿನ ಹೆಸರನ್ನೇ ಹೋಲುವ ಹೆಸರೊಂದು ಕಿವಿಗೆ ಬಿದ್ದರೆ ಹಣದ ಚೀಲಕ್ಕೆ ತಾನಾಗಿಯೇ ಕೈ ಹೋಗುತ್ತದೆ. ಹೇಳಿದ ಬೆಲೆ ಕೊಟ್ಟು ಸೈಕಲ್ಲನ್ನು ಹೊತ್ತು ತಂದು ಮನೆಯ ನೆಲಮಾಳಿಗೆಯಲ್ಲಿಟ್ಟೆ.

ಹುಡುಗನಾಗಿದ್ದಾಗ ಕೊಪ್ಪದ ಒಂದು ಸೈಕಲ್ ಷಾಪಿನಲ್ಲಿ ಗಂಟೆಯ ಬಾಡಿಗೆಗೆ ಸೈಕಲ್ಲು ತಂದು ಕಲಿತವನು ನಾನು. ಬಿಡುವಿನಲ್ಲಿ ಆ ಷಾಪಿನವರ ಪಕ್ಕದಲ್ಲಿ ಕುಳಿತು ಬೇರಿಂಗಿಗೆ ಗ್ರೀಸು ತುಂಬುವುದನ್ನೂ ಕಡ್ಡಿ ಬಿಗಿಯುವುದನ್ನೂ ನೋಡಿದ್ದೆ. ಆ ವಿದ್ಯೆ ಸಾಕೆಂಬ ಭರವಸೆಯಿಂದ ಕೆಲಸಕ್ಕೆ ಕೈಯಿಟ್ಟೆ. ಪೆಡಲುಗಳ ನಡುವಿನ ಅಚ್ಚನ್ನು ಹಿಡಿದಿರುವ ಎರಡು ಬಟ್ಟಲುಗಳುಂಟು. ನಮ್ಮ ದೇಶದ ಸೈಕಲ್ಲುಗಳಲ್ಲಿ, ಇಂಗ್ಲಿಷರ ಪದ್ಧತಿಯಂತೆ, ಬಲಗಡೆಯ ಬಟ್ಟಲಿನ ಮರೆ ತಿರುವುಮುರುವು. ಎಲ್ಲ ತಿರುಪುಗಳೂ ಎಡಕ್ಕೆ ಬಿಚ್ಚಿದರೆ ಅದು ಮಾತ್ರ ಬಲಕ್ಕೆ ಬಿಚ್ಚುತ್ತದೆ. ಅದೇ ಅಭ್ಯಾಸದಲ್ಲಿ ಎರಡು ಸಂಜೆ ಮೈಮುರಿದು ಆ ಬಟ್ಟಲನ್ನು ಬಲಕ್ಕೆ ತಿರುಗಿಸಿದೆ. ಅದು ಮಿಸುಕಲಿಲ್ಲ. ಮೂರನೆಯ ಸಂಜೆ ಪಕ್ಕದ ನೆಲಮಾಳಿಗೆಯಿಂದ ಒಬ್ಬ ವೃದ್ಧರು ಬಂದು ನನ್ನ ಪಾಡನ್ನು ಸ್ವಲ್ಪ ಹೊತ್ತು ನೋಡಿ, ಸ್ಪ್ಯಾನರನ್ನು ನನ್ನ ಕೈಯಿಂದ ತೆಗೆದುಕೊಂಡು ಎಡಕ್ಕೊಮ್ಮೆ ಜಗ್ಗಿದರು. ಇಟಲಿಯವರ ಅಳತೆಯಲ್ಲಿ ಬಟ್ಟಲಿನ ಅಗಲ ೩೬ ಮಿಲಿಮೀಟರು, ಎರಡು ಕಡೆಯ ಮರೆಯೂ ಒಂದೇ ದಿಕ್ಕಿನದು. ನಾನು ಎರಡು ದಿನ ಮಾಡಿದ್ದು ಬಿಚ್ಚುವ ಕೆಲಸವಲ್ಲ, ಬಿಗಿಯುವ ಕೆಲಸ. ಈ ಪದ್ಧತಿಗೂ ಒಂದು ದೋಷವುಂಟೆಂದು ವೃದ್ಧರು ಎಚ್ಚರಿಸಿದರು: ತುಳಿಯುತ್ತ ತುಳಿಯುತ್ತ ಬಲಗಡೆಯ ಬಟ್ಟಲು ತಾನಾಗಿ ಸಡಿಲವಾಗುತ್ತ ಹೋಗುತ್ತದೆ, ದೂರ ಹೋಗುವಾಗ ಸ್ಪ್ಯಾನರು ಜೊತೆಗಿರಬೇಕು.

ಆ ವೃದ್ಧರು ಮೋಟಾರು ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಕೊಪ್ಪಿಯ ಕಥೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ, ಗ್ರೀಸಿನ ಕೈಯಲ್ಲಿ, ತುಂಡು ತುಂಡಾಗಿ. ಆಮೇಲೆ ಓದಿಯೂ ತಿಳಿದೆ. ಅವರು ಕಲಿಸಿದ ಇನ್ನೊಂದು ಪಾಠವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬಣ್ಣವನ್ನೆಲ್ಲ ಕೆರೆದು ಹೊಸದಾಗಿ ಬಣ್ಣ ಹೊಡೆಸಿ ಹೊಳೆಯುವಂತೆ ಮಾಡಬೇಕೆಂಬುದು ನನ್ನ ಆಸೆಯಾಗಿತ್ತು. ಅವರು ಒಪ್ಪಲಿಲ್ಲ. ಹಳೆಯ ಸೈಕಲ್ಲನ್ನು ಹೊಸದು ಮಾಡುವುದು ಬೇರೆ, ಉಳಿಸುವುದು ಬೇರೆ ಎಂಬುದು ಅವರ ಮತ. ಮರಳಿನಿಂದ ಉಜ್ಜಿಸಿ ಬಣ್ಣ ಹೊಡೆದರೆ ಸೈಕಲ್ಲು ಅಂದವಾಗಿ ಕಾಣುತ್ತದೆ, ಆದರೆ ಅದು ಯಾರ ಸೈಕಲ್ಲೂ ಅಲ್ಲವಾಗುತ್ತದೆ. ಚೈನು ಬಡಿದ ಗಾಯ, ಬಿದ್ದಾಗ ಕೆತ್ತಿದ ಕಲೆ, ಕೈ ಹಿಡಿದು ಹಿಡಿದು ಸವೆದ ಜಾಗ, ಇವೇ ಅದರ ಜಾತಕವಂತೆ. ಆದ್ದರಿಂದ ನಾವು ಮಾಡಿದ್ದಿಷ್ಟೆ: ತುಕ್ಕನ್ನು ಹಿತ್ತಾಳೆಯ ಬ್ರಷ್ಷಿನಿಂದ ಮೆಲ್ಲಗೆ ತೆಗೆದು, ಕ್ರೋಮಿಯಂ ಲೇಪವಿದ್ದ ಭಾಗವನ್ನು ನೀರು ಮುಟ್ಟಿಸಿದ ಅಲ್ಯೂಮಿನಿಯಂ ಹಾಳೆಯಿಂದ ಉಜ್ಜಿ, ಉಳಿದ ಬಣ್ಣದ ಮೇಲೆ ಮೇಣ ಸವರಿ, ಕೊಳವೆಗಳ ಒಳಗೆ ಎಣ್ಣೆಯಾಡಿಸಿದೆವು.

ಈಗ ಕೊಪ್ಪಿಯ ವಿಷಯ.

ಟ್ಯೂರಿನ್ನಿನ ಆಗ್ನೇಯಕ್ಕೆ, ಜಿನೋವದ ಕಡೆಯ ಬೆಟ್ಟಗಳು ಶುರುವಾಗುವಲ್ಲಿ, ಕಸ್ತೆಲ್ಲಾನಿಯ ಎಂಬ ಪುಟ್ಟ ಹಳ್ಳಿಯುಂಟು. ಆತ ಹುಟ್ಟಿದುದು ಅಲ್ಲಿಯ ಒಂದು ಬಡ ಒಕ್ಕಲು ಮನೆಯಲ್ಲಿ, ೧೯೧೯ರ ಸೆಪ್ಟೆಂಬರ್ ೧೫ರಂದು. ಐವರು ಮಕ್ಕಳಲ್ಲಿ ನಾಲ್ಕನೆಯವನು, ಕೊನೆಯವನು ಸೆರ್ಸೆ. ಹುಡುಗನ ಮೈ ತೆಳು, ಎಲುಬು ಬಿರುಸು. ನೇಗಿಲಿಗಾಗುವ ಮೈಯಲ್ಲ. ಎಂಟು ವರ್ಷದವನಿದ್ದಾಗ ನೆಲಮಾಳಿಗೆಯೊಂದರಲ್ಲಿ ಬ್ರೇಕು ಕೂಡ ಇಲ್ಲದ ತುಕ್ಕು ಹಿಡಿದ ಹಳೆಯ ಸೈಕಲ್ಲೊಂದು ಸಿಕ್ಕಿ, ಅದನ್ನು ತಾನೇ ರಿಪೇರಿ ಮಾಡಿಕೊಂಡು ಶಾಲೆ ತಪ್ಪಿಸಿ ತಿರುಗಿದನೆಂದೂ, ಶಾಲೆಗೆ ಬರಬೇಕೇ ಹೊರತು ಸೈಕಲ್ಲು ತುಳಿಯಬಾರದೆಂಬ ವಾಕ್ಯವನ್ನು ನೂರು ಸಲ ಬರೆಯುವ ಶಿಕ್ಷೆ ಅನುಭವಿಸಿದನೆಂದೂ ಹೇಳುತ್ತಾರೆ. ಉಪಾಧ್ಯಾಯರ ಶ್ರಮ ಇಷ್ಟು ಪೂರ್ಣವಾಗಿ ವ್ಯರ್ಥವಾದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚಿರಲಾರದು.

ಹದಿಮೂರು ವರ್ಷಕ್ಕೆ ಶಾಲೆ ಬಿಟ್ಟು ನೋವಿ ಲಿಗೂರೆ ಪಟ್ಟಣದ ಮಾಂಸದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಗಿರಾಕಿಗಳ ಮನೆಗೆ ಸೈಕಲ್ಲಿನ ಮೇಲೆ ಮಾಂಸ ತಲುಪಿಸುವುದು ಕಸುಬು. ಊರಿನಿಂದ ಪಟ್ಟಣಕ್ಕೆ ಬೆಟ್ಟ ಇಳಿದು ಹತ್ತುವುದು ದಿನದ ಪಾಡು. ಹಡಗಿನ ಕೆಲಸದಲ್ಲಿದ್ದ ಚಿಕ್ಕಪ್ಪನೂ ತಂದೆಯೂ ಕೂಡಿ ಹಣ ಹೊಂದಿಸಿಕೊಟ್ಟಾಗ ಜಿನೋವದ ಒಂದು ಅಂಗಡಿಯಲ್ಲಿ ತನ್ನ ಮೈಯಳತೆಗೆ ಸರಿಯಾದ ಫ್ರೇಮು ಮಾಡಿಕೊಡಲು ಹೇಳಿದ. ಅಂಗಡಿಯವನು ಇಂದು ನಾಳೆ ಎಂದು ಹುಡುಗನನ್ನು ವಾರಗಟ್ಟಲೆ ಅಲೆಸಿ, ಕೊನೆಗೆ ಯಾವ ಅಳತೆಯೂ ಇಲ್ಲದ ಸಿದ್ಧ ಫ್ರೇಮೊಂದನ್ನು ಕೈಗಿಟ್ಟನಂತೆ. ಅಳುವ ಮೊಗದಿಂದ ಅದನ್ನೇ ಹತ್ತಿ ಮನೆಗೆ ಬಂದ ಹುಡುಗ ಆ ಮೋಸವನ್ನು ಮರೆಯಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ. ಹದಿನೈದರ ಹರೆಯದಲ್ಲಿ ಮೊದಲ ಪಂದ್ಯ ಗೆದ್ದ. ಬಹುಮಾನ ಇಪ್ಪತ್ತು ಲೀರ ಮತ್ತು ಮಾಂಸ ಸೇರಿಸಿದ ಒಂದು ರೊಟ್ಟಿ.

ನೋವಿ ಲಿಗೂರೆಯಲ್ಲಿ ಬಿಯಾಜೊ ಕವನ್ನ ಎಂಬೊಬ್ಬನಿದ್ದ. ಹಿಂದೆ ಮುಷ್ಟಿಯುದ್ಧ ಮಾಡುತ್ತಿದ್ದವನು, ಆಮೇಲೆ ಎರಡು ಕಣ್ಣನ್ನೂ ಕಳೆದುಕೊಂಡು ಸೈಕಲ್ ಸವಾರರ ಮೈತಿಕ್ಕುವ ಕಸುಬಿಗಿಳಿದವನು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಬೆನ್ನು ಸವರಿ ತೊಡೆ ಹಿಚುಕಿ ನೋಡುವಂತೆ ಆತ ಹುಡುಗರ ಮೈಮುಟ್ಟಿ ಅವರ ಭವಿಷ್ಯ ಹೇಳುತ್ತಿದ್ದನಂತೆ. ಕಣ್ಣಿದ್ದವರಿಗೆ ಆಗ ಕೊಪ್ಪಿಯಲ್ಲಿ ಕಂಡದ್ದು ಗೂಡಿನಂಥ ಎದೆ, ಕಡ್ಡಿಯಂಥ ಕಾಲು, ಕೊಕ್ಕಿನಂಥ ಮೂಗು. ನಡೆಯುವಾಗ ಆತನ ಮೈಗೆ ಯಾವ ಅಂದವೂ ಇರಲಿಲ್ಲವೆಂದು ನೋಡಿದವರೆಲ್ಲ ಹೇಳುತ್ತಾರೆ. ಸೈಕಲ್ಲನ್ನೇರಿದೊಡನೆಯೇ ಆ ಮೈ ಬೇರೆಯಾಗುತ್ತಿತ್ತು. ಎಲ್ಲಿ ಸೈಕಲ್ಲು ಮುಗಿಯಿತು ಎಲ್ಲಿ ಮನುಷ್ಯ ಶುರುವಾದ ಎಂದು ತಿಳಿಯುತ್ತಿರಲಿಲ್ಲ. ಕುರುಡನ ಕೈ ಅದನ್ನು ಮೊದಲೇ ಕಂಡಿತ್ತು.

ಇಟಲಿಯ ದೊಡ್ಡ ಪಂದ್ಯಕ್ಕೆ ಜಿರೋ ಎಂದು ಹೆಸರು. ದೇಶವನ್ನು ಸುಮಾರು ಮೂರು ವಾರ ಸುತ್ತುವ ಪಂದ್ಯ. ೧೯೪೦ರಲ್ಲಿ ಇಪ್ಪತ್ತರ ಕೊಪ್ಪಿ ಅದರಲ್ಲಿ ಸ್ಪರ್ಧಿಸಿದ್ದು ಜಿನೊ ಬಾರ್ತಾಲಿಯ ಊಳಿಗದವನಾಗಿ. ನಾಯಕನಿಗೆ ನೀರು ತಂದುಕೊಡುವುದು, ಗಾಳಿಗೆ ಅಡ್ಡವಾಗಿ ಮುಂದೆ ತುಳಿಯುವುದು, ಬೇಕಾದರೆ ತನ್ನ ಚಕ್ರವನ್ನೇ ಬಿಚ್ಚಿಕೊಡುವುದು ಅಂಥವರ ಕೆಲಸ. ಆದರೆ ಎರಡನೆಯ ದಿನವೇ ನಾಯಿಯೊಂದು ಅಡ್ಡಬಂದು ಬಾರ್ತಾಲಿ ಬಿದ್ದ. ಮುಂದೆ ಪರ್ವತಗಳ ದಾರಿಯಲ್ಲಿ ಊಳಿಗದ ಹುಡುಗ ನಾಯಕನನ್ನು ಹಿಂದೆ ಹಾಕಿ ಜಿರೋವನ್ನೇ ಗೆದ್ದುಬಿಟ್ಟ. ಪಂದ್ಯ ಮುಗಿದದ್ದು ಜೂನ್ ೯ರಂದು. ಮಾರನೆಯ ದಿನ ಇಟಲಿ ಯುದ್ಧ ಸಾರಿತು.

ಅಲ್ಲಿಂದ ಮುಂದೆ ಆತನ ಹರೆಯದ ಐದು ವರ್ಷಗಳನ್ನು ಯುದ್ಧ ತಿಂದಿತು. ಅದರ ನಡುವೆಯೇ, ೧೯೪೨ರ ನವೆಂಬರಿನಲ್ಲಿ, ಬಾಂಬು ಬೀಳುತ್ತಿದ್ದ ಮಿಲಾನ್ ನಗರದ ವಿಗೊರೆಲ್ಲಿ ಮೈದಾನದಲ್ಲಿ ಒಂದು ಗಂಟೆಯಲ್ಲಿ ೪೫ ಕಿಲೋಮೀಟರಿಗೂ ಹೆಚ್ಚು ದೂರ ತುಳಿದು ಜಗತ್ತಿನ ದಾಖಲೆ ನಿರ್ಮಿಸಿದ. ಅದು ೧೯೫೬ರವರೆಗೆ ಮುರಿಯಲಿಲ್ಲ. ೧೯೪೩ರ ವಸಂತದಲ್ಲಿ ಆತನನ್ನು ಸೈನಿಕನಾಗಿ ಟ್ಯುನೀಸಿಯಕ್ಕೆ ಕಳಿಸಿದರು. ಏಪ್ರಿಲಿನಲ್ಲಿ ಇಂಗ್ಲಿಷರ ಸೆರೆಯಾದ. ಸೆರೆಯಿಂದ ಬಿಡುಗಡೆಯಾಗಿ ನೇಪಲ್ಸಿನ ಕಡೆಗೆ ಬಂದಾಗ ಕೈಯಲ್ಲಿ ಸೈಕಲ್ಲಿರಲಿಲ್ಲ. ಪತ್ರಿಕೆಯೊಂದು ಓದುಗರಲ್ಲಿ ಕೇಳಿಕೊಂಡಾಗ ಆ ಸೀಮೆಯ ಒಬ್ಬ ಬಡಗಿ ತನ್ನ ಸೈಕಲ್ಲನ್ನು ತಂದುಕೊಟ್ಟ. ಹಾಳಾದ ಸೇತುವೆಗಳ ದೇಶವನ್ನು ದಾಟಿ ಆತ ಬಡಗುದಿಕ್ಕಿನ ತನ್ನ ಹಳ್ಳಿಗೆ ಮರಳಿದ.

ಬಿಯಾಂಕಿಯ ಆಕಾಶಬಣ್ಣ ಆತನ ಮೈಗೇರಿದ್ದು ಇದಾದ ಮೇಲೆ. ೧೯೪೬ರ ಮಾರ್ಚಿಯಲ್ಲಿ ಮಿಲಾನಿನಿಂದ ಸಮುದ್ರತೀರದ ಸಾನ್ ರೆಮೊಗೆ ಹೋಗುವ ಪಂದ್ಯ ನಡೆಯಿತು. ನಡುವೆ ಟುರ್ಕಿನೊ ಎಂಬ ಕಣಿವೆಯಲ್ಲಿ ಒಂದು ಸುರಂಗವುಂಟು. ಕತ್ತಲಿನಿಂದ ಬೆಳಕಿಗೆ ಒಬ್ಬನೇ ಹೊರಬಂದವನು ಕೊಪ್ಪಿ. ಆತ ಗುರಿ ಮುಟ್ಟಿ ೧೪ ನಿಮಿಷಗಳಾದ ಮೇಲೆ ಎರಡನೆಯವನು ಬಂದ. ಅಷ್ಟು ಹೊತ್ತು ಏನು ಹೇಳಬೇಕೆಂದು ತೋಚದೆ ರೇಡಿಯೋದವರು ಗೆದ್ದವನ ಹೆಸರು ಹೇಳಿ, ಎರಡನೆಯವನು ಬರುವತನಕ ಕುಣಿತದ ಸಂಗೀತ ಕೇಳಿಸಿದರಂತೆ. ಸೋತು ಸುಣ್ಣವಾಗಿದ್ದ ದೇಶಕ್ಕೆ ಆ ಹದಿನಾಲ್ಕು ನಿಮಿಷಗಳು ಏನಾಗಿದ್ದುವೆಂಬುದನ್ನು ನನ್ನ ನೆರೆಯ ವೃದ್ಧರು ಹೇಳುವಾಗ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡುತ್ತಿದ್ದರು.

ಅವರು ಕೊಪ್ಪಿಯನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ೧೯೪೯ರ ಜೂನ್ ೧೦ರಂದು, ಪಿನೆರೋಲೊ ಪಟ್ಟಣದ ರಸ್ತೆಯಲ್ಲಿ, ತಂದೆಯ ಹೆಗಲ ಮೇಲೆ ಕುಳಿತು. ಅಂದಿನ ದಾರಿ ಕೂನಿಯೊದಿಂದ ಪಿನೆರೋಲೊಗೆ ೨೫೪ ಕಿಲೋಮೀಟರು. ನಡುವೆ ಆಲ್ಪ್ಸ್ ಪರ್ವತದ ಐದು ಕಣಿವೆಗಳು: ಮದ್ದಲೇನ, ವಾರ್ಸ್, ೨,೩೬೦ ಮೀಟರು ಎತ್ತರದ ಇಜೋಆರ್, ಮಾಂಜನೆವ್ರ್, ಸೆಸ್ಟ್ರಿಯೆರೆ. ಆಗಿನ ರಸ್ತೆಗಳೆಂದರೆ ಜಲ್ಲಿ, ಮಣ್ಣು, ಕೆಸರು. ಮೊದಲ ಕಣಿವೆಯಲ್ಲೇ ಎಲ್ಲರನ್ನೂ ಬಿಟ್ಟು ಹೊರಟ ಕೊಪ್ಪಿ ೧೯೨ ಕಿಲೋಮೀಟರು ಒಬ್ಬನೇ ತುಳಿದ. ಎರಡನೆಯವನಾಗಿ ಬಂದ ಬಾರ್ತಾಲಿ ೧೧ ನಿಮಿಷ ೫೨ ಸೆಕೆಂಡು ಹಿಂದಿದ್ದ. ಅಂದು ವರದಿ ಬರೆಯಲು ಬಂದಿದ್ದ ಕಾದಂಬರಿಕಾರ ದೀನೊ ಬುಜ್ಜಾತಿ ಅವರಿಬ್ಬರನ್ನು ಗ್ರೀಕರ ಮಹಾಕಾವ್ಯದ ಅಖಿಲೀಸ್ ಮತ್ತು ಹೆಕ್ಟರ್ ವೀರರಿಗೆ ಹೋಲಿಸಿ ಬರೆದ. ನನ್ನ ವೃದ್ಧರ ನೆನಪಿನಲ್ಲಿ ಉಳಿದದ್ದು ಅಂಥದೇನೂ ಅಲ್ಲ. ಕೆಸರು ಮೆತ್ತಿದ ಒಬ್ಬ ಮನುಷ್ಯ ಸದ್ದಿಲ್ಲದೆ ಹೋದ. ಆಮೇಲೆ ಬಹಳ ಹೊತ್ತು ರಸ್ತೆ ಖಾಲಿ ಇತ್ತು. ಪಂದ್ಯ ಮುಗಿಯಿತೆಂದುಕೊಂಡು ಎಂಟು ವರ್ಷದ ಹುಡುಗ ಹಸಿವೆಂದು ಅಳತೊಡಗಿದನಂತೆ.

ಅದೇ ಬೇಸಗೆಯಲ್ಲಿ ಆತ ಫ್ರಾನ್ಸಿನ ಮಹಾಪಂದ್ಯವಾದ ಟೂರ್‌ಗೆ ಮೊದಲ ಸಲ ಹೋದ. ಐದನೆಯ ದಿನ ದಾರಿಯಲ್ಲಿ ಬಿದ್ದು ಸೈಕಲ್ಲು ಮುರಿಯಿತು. ಹತ್ತಿರದ ಮೋಟಾರಿನಲ್ಲಿ ಬೇರೊಂದು ಸೈಕಲ್ಲಿದ್ದಿತು. ಅದು ತನ್ನ ಅಳತೆಯದಲ್ಲವೆಂದು ಕೊಪ್ಪಿ ಮುಟ್ಟಲಿಲ್ಲ. ತನ್ನ ಅಳತೆಯದು ಹಿಂದೆ ಬರುತ್ತಿದ್ದ ವ್ಯವಸ್ಥಾಪಕನ ಮೋಟಾರಿನಲ್ಲಿದ್ದಿತು. ಅದು ಬರುವವರೆಗೆ ರಸ್ತೆಯ ಬದಿಯಲ್ಲಿ ನಿಂತ. ಅಷ್ಟರಲ್ಲಿ ಮನಸ್ಸು ಒಡೆದುಹೋಗಿ ಪಂದ್ಯವನ್ನೇ ಬಿಟ್ಟು ಊರಿಗೆ ಹೋಗುತ್ತೇನೆಂದು ಹಟ ಹಿಡಿದ. ಆ ದಿನ ಮುಗಿಯುವಾಗ ಮುಂದಿದ್ದವನಿಗಿಂತ ಅರ್ಧ ಗಂಟೆಗೂ ಹೆಚ್ಚು ಹಿಂದೆ. ಇದನ್ನು ಓದಿದಾಗ ನನಗೆ ಜಿನೋವದ ಅಂಗಡಿ ನೆನಪಾಯಿತು. ಹೇಗೋ ಅವನ ಮನವೊಲಿಸಿ ನಿಲ್ಲಿಸಿದರು. ಪ್ಯಾರಿಸ್ ಮುಟ್ಟುವಾಗ ಕೊಪ್ಪಿ ಮೊದಲಿಗ, ಬಾರ್ತಾಲಿ ಎರಡನೆಯವನು. ಜಿರೋ, ಟೂರ್ ಎರಡನ್ನೂ ಒಂದೇ ವರ್ಷ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ೧೯೫೨ರಲ್ಲಿ ಎರಡನ್ನೂ ಮತ್ತೊಮ್ಮೆ ಗೆದ್ದ. ಜಿರೋ ಒಟ್ಟು ಐದು ಸಲ.

ಬಾರ್ತಾಲಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆತ ದೈವಭಕ್ತ, ನೇರ ಮಾತಿನವನು. ಯುದ್ಧಕಾಲದಲ್ಲಿ ತನ್ನ ಸೈಕಲ್ಲಿನ ಕೊಳವೆಯೊಳಗೆ ಸುಳ್ಳು ಗುರುತುಪತ್ರಗಳನ್ನು ಅಡಗಿಸಿ ಸಾಗಿಸಿ ಯೆಹೂದ್ಯರ ಪ್ರಾಣ ಉಳಿಸಲು ನೆರವಾದನೆಂದು ೨೦೧೩ರಲ್ಲಿ, ಆತ ತೀರಿದ ಹದಿಮೂರು ವರ್ಷಗಳ ಮೇಲೆ, ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಗೌರವಿಸಿತು. ಬದುಕಿದ್ದಾಗ ಆತ ಅದನ್ನು ಹೇಳಿಕೊಂಡು ತಿರುಗಲಿಲ್ಲ. ಇಟಲಿಯ ಮನೆಮನೆಯೂ ಆಗ ಎರಡು ಪಕ್ಷವಾಗಿತ್ತು. ನಮ್ಮ ವೃದ್ಧರ ಮನೆಯಲ್ಲಿ ತಂದೆ ಕೊಪ್ಪಿಯ ಕಡೆ, ತಾಯಿ ಬಾರ್ತಾಲಿಯ ಕಡೆ.

ಇಷ್ಟು ಗೆಲುವಿನ ನಡುವೆ ಆತನ ಮೈ ಎಷ್ಟು ಸಲ ಮುರಿದಿದೆಯೆಂದು ಎಣಿಸಿದರೆ ಆಶ್ಚರ್ಯವಾಗುತ್ತದೆ. ೧೯೪೨ರಲ್ಲಿ ಕೊರಳೆಲುಬು, ೧೯೫೦ರಲ್ಲಿ ಸೊಂಟದ ಎಲುಬು, ೧೯೫೧ರಲ್ಲಿ ಮತ್ತೆ ಕೊರಳೆಲುಬು, ೧೯೫೭ರಲ್ಲಿ ತೊಡೆಯೆಲುಬು. ಪ್ರತಿಸಲವೂ ಕೂಡಿಕೊಂಡು ಎದ್ದು ಬಂದ. ಎಂದೂ ಕೂಡಿಕೊಳ್ಳದ ಮುರಿತ ಒಂದೇ. ತಮ್ಮ ಸೆರ್ಸೆಯೂ ಸವಾರನೇ. ಅಣ್ಣನಷ್ಟು ಪ್ರತಿಭೆಯಿಲ್ಲ, ಆದರೆ ನಗುಮುಖದವನು, ಸದಾ ಮುದುಡಿಕೊಂಡಿರುತ್ತಿದ್ದ ಅಣ್ಣನನ್ನು ನಗಿಸಬಲ್ಲವನು. ೧೯೫೧ರ ಜೂನ್ ೨೯ರಂದು ಪಂದ್ಯವೊಂದರ ಕೊನೆಯಲ್ಲಿ, ಟ್ಯೂರಿನ್ ನಗರದೊಳಗೆ, ಅವನ ಚಕ್ರ ಟ್ರಾಮಿನ ಹಳಿಯಲ್ಲಿ ಸಿಕ್ಕಿ ಬಿದ್ದ. ಏನೂ ಆಗಿಲ್ಲವೆಂಬಂತೆ ಎದ್ದು ಗುರಿ ಮುಟ್ಟಿ ವಸತಿಗೆ ಹೋದ. ಸಂಜೆಗೆ ತಲೆನೋವು, ಅಂದೇ ತೀರಿಕೊಂಡ. ಕೊಪ್ಪಿ ಸೈಕಲ್ಲನ್ನೇ ಬಿಡುತ್ತೇನೆಂದು ಕುಳಿತ. ಕೆಲವೇ ದಿನಗಳಲ್ಲಿ ಟೂರ್‌ಗೆ ಹೋಗಬೇಕಾಗಿ ಬಂದಿತು, ಹೋದ, ದಾರಿಯ ನಡುವೆ ಒಂದು ದಿನ ಬಿಸಿಲಿನಲ್ಲಿ ಕುಸಿದ. ನಾನು ಟ್ಯೂರಿನ್ನಿನ ಟ್ರಾಮಿನ ಹಳಿಗಳನ್ನು ನನ್ನ ಸಪುರ ಟೈರಿನ ಸೈಕಲ್ಲಿನಲ್ಲಿ ದಾಟುವಾಗಲೆಲ್ಲ ಇಳಿದೇ ದಾಟುತ್ತಿದ್ದೆ.

ಬಣ್ಣ ಕೆರೆಯಬಾರದೆಂಬ ವೃದ್ಧರ ಮಾತನ್ನು ಈ ಬರಹದಲ್ಲೂ ಪಾಲಿಸಬೇಕಾಗಿದೆ. ಆ ಕಾಲದ ಸವಾರರು ಉತ್ತೇಜಕ ಔಷಧಗಳನ್ನು ನುಂಗುತ್ತಿದ್ದರು, ನಿಷೇಧವಿರಲಿಲ್ಲ. ಕೊಪ್ಪಿ ಅದನ್ನು ಬಚ್ಚಿಡಲಿಲ್ಲ. ಅಗತ್ಯವಿದ್ದಾಗ ಮಾತ್ರ ನುಂಗುತ್ತಿದ್ದುದಾಗಿಯೂ ಅಗತ್ಯ ಬಹುಪಾಲು ಯಾವಾಗಲೂ ಇರುತ್ತಿತ್ತೆಂದೂ ಆತ ಒಪ್ಪಿಕೊಂಡ. ಇನ್ನು ಆತನ ಸಂಸಾರದ ವಿಚಾರ. ಹೆಂಡತಿ ಬ್ರೂನ, ಮಗಳು ಮರೀನ ಇದ್ದಂತೆಯೇ ವೈದ್ಯನೊಬ್ಬನ ಹೆಂಡತಿಯಾದ ಜೂಲಿಯ ಒಕ್ಕೀನಿ ಎಂಬವಳಲ್ಲಿ ಆತನ ಮನಸ್ಸು ನೆಟ್ಟಿತು. ಬಿಳಿಯ ಕೋಟು ತೊಟ್ಟು ಪಂದ್ಯದ ಬಳಿ ಕಾಣಿಸಿಕೊಂಡ ಆಕೆಗೆ ಪತ್ರಿಕೆಗಳು ಬಿಳಿಯ ಹೆಣ್ಣೆಂದು ಹೆಸರಿಟ್ಟುವು. ಇಟಲಿಯಲ್ಲಿ ಆಗ ವಿವಾಹವಿಚ್ಛೇದನವೆಂಬುದಿರಲಿಲ್ಲ. ಅದು ಬಂದದ್ದು ೧೯೭೦ರಲ್ಲಿ. ವ್ಯಭಿಚಾರ ಅಪರಾಧವಾಗಿತ್ತು. ಆಕೆಯನ್ನು ಸೆರೆಯಲ್ಲಿಟ್ಟರು, ಕೊಪ್ಪಿಯ ಪಾಸ್‌ಪೋರ್ಟನ್ನು ಕಿತ್ತುಕೊಂಡರು, ೧೯೫೫ರಲ್ಲಿ ನ್ಯಾಯಾಲಯ ಇಬ್ಬರಿಗೂ ಶಿಕ್ಷೆ ವಿಧಿಸಿ ಜಾರಿಯನ್ನು ತಡೆಹಿಡಿಯಿತು. ಹುಟ್ಟಲಿದ್ದ ಮಗನಿಗೆ ತಂದೆಯ ಹೆಸರು ಸಿಗಬೇಕೆಂದು ಆಕೆ ಆರ್ಜೆಂಟೀನದವರೆಗೆ ಹೋಗಿ ಹೆರಬೇಕಾಯಿತು. ನಿನ್ನೆಯವರೆಗೆ ಹೂವೆಸೆದ ಜನ ರಸ್ತೆಯ ಬದಿಯಲ್ಲಿ ನಿಂತು ಬೈದರು. ಎರಡು ಮನೆ ಒಡೆದುವು, ನಿಜ. ಬ್ರೂನಳ ದುಃಖವನ್ನು ಯಾರ ಕೀರ್ತಿಯೂ ಮುಚ್ಚಲಾರದು. ಆದರೆ ಪೊಲೀಸರು ರಾತ್ರಿ ಬಂದು ಹಾಸಿಗೆ ಬೆಚ್ಚಗಿದೆಯೆ ಎಂದು ಮುಟ್ಟಿ ನೋಡುವ ದೇಶದಲ್ಲಿ ಯಾರ ಮರ್ಯಾದೆ ಹೋಯಿತೆಂದು ಹೇಳುವುದು ನನಗೆ ಕಷ್ಟ.

ವಯಸ್ಸೂ ಆಗುತ್ತ ಬಂದಿತ್ತು. ೧೯೫೬ರ ಲೊಂಬಾರ್ದಿ ಪಂದ್ಯದಲ್ಲಿ, ಮೂವತ್ತೇಳರ ಹರೆಯದಲ್ಲಿ, ಹಳೆಯ ದಾಖಲೆಯ ಮೈದಾನವಾದ ವಿಗೊರೆಲ್ಲಿಯಲ್ಲೇ ಕೊನೆಯ ಕೆಲವು ಮೀಟರುಗಳಲ್ಲಿ ಫ್ರಾನ್ಸಿನ ದಾರಿಗಾದ್ ಆತನನ್ನು ದಾಟಿದ. ಕೊಪ್ಪಿ ಅಲ್ಲಿಯೇ ಅತ್ತ. ನಿಲ್ಲಿಸಬೇಕೆಂಬುದು ಆತನಿಗೂ ತಿಳಿದಿದ್ದಿರಬೇಕು; ನಿಲ್ಲಿಸಲಿಲ್ಲ.

೧೯೫೯ರ ಡಿಸೆಂಬರಿನಲ್ಲಿ ಆಫ್ರಿಕದ ಅಪ್ಪರ್ ವೋಲ್ಟ ದೇಶದಲ್ಲಿ, ಈಗ ಅದಕ್ಕೆ ಬುರ್ಕೀನ ಫಾಸೊ ಎಂದು ಹೆಸರು, ಉತ್ಸವದ ಪಂದ್ಯವೊಂದಕ್ಕೆ ಕೆಲವು ಪ್ರಸಿದ್ಧ ಸವಾರರೊಡನೆ ಆತ ಹೋದ. ಪಂದ್ಯ ಮುಗಿದ ಮೇಲೆ ಬೇಟೆ. ಆತನೂ ಫ್ರಾನ್ಸಿನ ರಫಾಯೆಲ್ ಜೆಮಿನಿಯಾನಿಯೂ ಒಂದೇ ಕೋಣೆಯಲ್ಲಿ ಮಲಗಿದ್ದರು. ರಾತ್ರಿಯೆಲ್ಲ ಸೊಳ್ಳೆ. ಊರಿಗೆ ಮರಳಿದ ಮೇಲೆ ಇಬ್ಬರಿಗೂ ಚಳಿ, ನಡುಕ, ಉರಿಜ್ವರ. ಫ್ರಾನ್ಸಿನಲ್ಲಿ ಜೆಮಿನಿಯಾನಿಯ ರಕ್ತವನ್ನು ಪರೀಕ್ಷಿಸಿ ಮಲೇರಿಯವೆಂದು ಕಂಡುಹಿಡಿದು ಕ್ವಿನೈನ್ ಕೊಟ್ಟರು. ಪ್ರಜ್ಞೆ ತಪ್ಪಿದ್ದವನು ಬದುಕಿದ. ಅವನ ಮನೆಯವರು ಇಟಲಿಗೆ ಫೋನು ಮಾಡಿ ಹೇಳಿದರು. ಇಲ್ಲಿಯ ವೈದ್ಯರು ಕಿವಿಗೊಡಲಿಲ್ಲ. ಶ್ವಾಸಕೋಶದ ರೋಗವೆಂದು ನಂಬಿ ಅದರ ಔಷಧವನ್ನೇ ಮುಂದುವರಿಸಿದರು. ೧೯೬೦ರ ಜನವರಿ ೨ರ ಬೆಳಗ್ಗೆ ತೊರ್ತೋನದ ಆಸ್ಪತ್ರೆಯಲ್ಲಿ ಕೊಪ್ಪಿ ತೀರಿಕೊಂಡ. ನಲವತ್ತು ವರ್ಷ. ಅದೇ ಕೋಣೆಯಲ್ಲಿ ಮಲಗಿದ್ದ ಜೆಮಿನಿಯಾನಿ ತೊಂಬತ್ತೊಂಬತ್ತು ವರ್ಷ ಬಾಳಿ ೨೦೨೪ರಲ್ಲಿ ಹೋದ.

ವೃದ್ಧರು ಇದನ್ನು ಹೇಳಿದ ಸಂಜೆ ನನಗೆ ಕೆಲಸ ಮಾಡಲಾಗಲಿಲ್ಲ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಈ ಸಾವು ದೂರದ ಸಾವಲ್ಲ. ನಮ್ಮ ಅಜ್ಜಿಯ ಒಡಹುಟ್ಟಿದವರಲ್ಲಿ ಮೂವರನ್ನು ಈ ಚಳಿಜ್ವರವೇ ಒಯ್ದಿತ್ತು. ಯಾವ ಹೊತ್ತಿಗೆ ಚಳಿ ಬರುತ್ತದೆ, ಯಾವ ಹೊತ್ತಿಗೆ ಬೆವರಿ ಇಳಿಯುತ್ತದೆ, ಹೊಟ್ಟೆಯ ಎಡಮಗ್ಗುಲಲ್ಲಿ ಜ್ವರಗಡ್ಡೆ ಎಷ್ಟು ಬೆಳೆದಿದೆ ಎಂಬುದನ್ನು ಆಕೆ ಕೈಯಿಟ್ಟೇ ಹೇಳುತ್ತಿದ್ದಳು. ಡಿ.ಡಿ.ಟಿ. ಬರುವತನಕ ನಮ್ಮಲ್ಲಿ ಊರಿಗೆ ಊರೇ ಖಾಲಿಯಾದದ್ದುಂಟು. ಕ್ವಿನೈನಿನ ಕಹಿಯನ್ನು ಆಕೆ ಎಂಬತ್ತರ ವಯಸ್ಸಿನಲ್ಲೂ ನೆನೆದು ಮುಖ ಸಿಂಡರಿಸುತ್ತಿದ್ದಳು. ಸೊಳ್ಳೆಯ ಹೊಟ್ಟೆಯಲ್ಲಿ ಈ ರೋಗದ ಬೀಜವನ್ನು ರೊನಾಲ್ಡ್ ರಾಸ್ ಕಂಡದ್ದು ೧೮೯೭ರಲ್ಲಿ, ನಮ್ಮ ಸಿಕಂದರಾಬಾದಿನಲ್ಲಿ. ಮಾರನೆಯ ವರ್ಷ, ಯಾವ ಸೊಳ್ಳೆ ಅದನ್ನು ಮನುಷ್ಯನಿಗೆ ಹರಡುತ್ತದೆಂದು ತೋರಿಸಿದವನು ಇಟಲಿಯ ಗ್ರಾಸ್ಸಿ. ರೋಗದ ಹೆಸರೇ ಇಟಲಿಯ ಮಾತು. ಕೆಟ್ಟ ಗಾಳಿಯೆಂದು ಅದರ ಅರ್ಥ. ರೋಗವನ್ನು ತನ್ನ ನೆಲದಿಂದ ಅಟ್ಟಿದ ದೇಶ ಅದರ ಮುಖವನ್ನೇ ಮರೆತಿತ್ತು. ನಮ್ಮ ಅಜ್ಜಿಯಂಥವಳೊಬ್ಬಳು ಆ ಹಾಸಿಗೆಯ ಬಳಿ ಇದ್ದಿದ್ದರೆ ಎಂದು ಎಣಿಸುವುದು ಹುಚ್ಚೆಂದು ಗೊತ್ತು. ಆದರೂ ಆ ರಾತ್ರಿಯೆಲ್ಲ ಅದನ್ನೇ ಎಣಿಸಿದೆ.

ಸೈಕಲ್ಲು ಸಿದ್ಧವಾಗುವಾಗ ಬೇಸಗೆ ಬಂದಿತ್ತು. ಕಂಪನ್ಯೋಲೊ ಕಾರ್ಖಾನೆಯ ಹಳೆಯ ಗೇರನ್ನು ಬಿಚ್ಚಿ ಕೂಡಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ೧೯೫೦ರಲ್ಲಿ ಕೊಪ್ಪಿ ಪ್ಯಾರಿಸ್–ರೂಬೇ ಪಂದ್ಯ ಗೆದ್ದಾಗ ಬಳಸಿದ್ದು ಅದೇ ಕಾರ್ಖಾನೆಯ ಇದಕ್ಕೂ ಹಿಂದಿನ ಮಾದರಿ. ಅದರಲ್ಲಿ ಗೇರು ಬದಲಿಸಲು ಹಿಂದಕ್ಕೆ ಕೈಚಾಚಿ ಹಿಂಚಕ್ರದ ಬಿಗಿಯನ್ನೇ ಸಡಿಲಿಸಿ, ಪೆಡಲನ್ನು ಹಿಮ್ಮುಖ ತುಳಿಯಬೇಕಾಗಿತ್ತು. ಓಡುವ ಸೈಕಲ್ಲಿನ ಚಕ್ರವನ್ನು ಸಡಿಲಿಸುವುದೆಂದರೇನೆಂದು ಒಮ್ಮೆ ಯೋಚಿಸಿ ನೋಡಿ. ನನ್ನದರಲ್ಲಿ ಒಂದು ಸನ್ನೆ ಎಳೆದರೆ ಸಾಕು. ಟಸ್ಕನಿಯ ಗಯೋಲೆ ಊರಿನಲ್ಲಿ ೧೯೯೭ರಿಂದ ಇಂಥ ಹಳೆಯ ಉಕ್ಕಿನ ಸೈಕಲ್ಲುಗಳ ಸವಾರಿಯುತ್ಸವ ನಡೆಯುತ್ತದೆ. ೧೯೮೭ಕ್ಕಿಂತ ಹಿಂದಿನವಕ್ಕೇ ಪ್ರವೇಶ. ಅಲ್ಲಿಗೆ ಹೋಗೋಣವೆಂದೆ. ವೃದ್ಧರು ತಲೆಯಲ್ಲಾಡಿಸಿ, ಮೊದಲು ಕಸ್ತೆಲ್ಲಾನಿಯಕ್ಕೆ ಹೋಗಿ ಬಾ ಎಂದರು.

ರೈಲಿನಲ್ಲಿ ನೋವಿ ಲಿಗೂರೆಗೆ ಹೋಗಿ ಅಲ್ಲಿಂದ ತುಳಿದೆ. ಸುಮಾರು ಇಪ್ಪತ್ತು ಕಿಲೋಮೀಟರು, ಕೊನೆಯದೆಲ್ಲ ಏರು. ದ್ರಾಕ್ಷಿಯ ತೋಟ, ಕೊಯ್ದ ಗೋದಿಯ ಗದ್ದೆ, ಬಿಸಿಲು. ಆ ಕಾಲದ ಗೇರು ನನ್ನಂಥವನ ಮೊಳಕಾಲಿಗೆ ಮಾಡಿದ್ದಲ್ಲ. ಎರಡು ಕಡೆ ಇಳಿದು ತಳ್ಳಿದೆನೆಂದು ಒಪ್ಪಿಕೊಳ್ಳುತ್ತೇನೆ. ಉಳಿದ ಕಡೆ ಉಕ್ಕಿನ ತೆಳು ಕೊಳವೆಗಳು ರಸ್ತೆಯ ಒರಟನ್ನು ನುಂಗಿ ನನ್ನನ್ನು ಮೆಲ್ಲಗೆ ಮೇಲೆತ್ತಿದುವು. ಹಳ್ಳಿಯ ಗೋಡೆಗಳ ಮೇಲೆ ಕೊಪ್ಪಿಯ ದೊಡ್ಡ ದೊಡ್ಡ ಚಿತ್ರಗಳಿದ್ದುವು. ೨೦೧೯ರಲ್ಲಿ, ಆತನ ನೂರನೆಯ ವರ್ಷಕ್ಕೆ, ಊರಿನ ಹೆಸರನ್ನೇ ಕಸ್ತೆಲ್ಲಾನಿಯ ಕೊಪ್ಪಿ ಎಂದು ಬದಲಿಸಿದರೆಂದು ಆಮೇಲೆ ಓದಿದೆ. ನಾನು ಹೋದಾಗ ಬೀದಿಯಲ್ಲಿ ಒಂದು ಬೆಕ್ಕನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಣ್ಣತಮ್ಮಂದಿರ ಸಮಾಧಿ ಒಂದೇ ಕಡೆ, ಅಕ್ಕಪಕ್ಕದಲ್ಲಿದೆ. ಸ್ವಲ್ಪ ಹೊತ್ತು ನಿಂತಿದ್ದೆ.

ಹೊರಡಲು ಸೈಕಲ್ಲನ್ನು ತಿರುಗಿಸಿದಾಗ ಪೆಡಲು ಕಟಕಟ ಎಂದಿತು. ವೃದ್ಧರು ಹೇಳಿದ್ದಂತೆಯೇ ಬಲಗಡೆಯ ಬಟ್ಟಲು ಸಡಿಲವಾಗಿತ್ತು. ಗೋಡೆಯ ನೆರಳಿನಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚೀಲದಿಂದ ಸ್ಪ್ಯಾನರು ತೆಗೆದು, ಬಲಕ್ಕೆ ತಿರುಗಿಸಿ ಬಿಗಿದೆ. ಕೈಗೆಲ್ಲ ಗ್ರೀಸು ಹತ್ತಿತು. ಒರೆಸಿಕೊಳ್ಳಲು ಬಟ್ಟೆ ತಂದಿರಲಿಲ್ಲ. ಹುಲ್ಲಿಗೆ ಉಜ್ಜಿ, ಬೆಕ್ಕು ನೋಡುತ್ತಿದ್ದಂತೆ ಸೈಕಲ್ಲನ್ನೇರಿ ಇಳಿಜಾರಿಗೆ ಬಿಟ್ಟೆ.